ಒತ್ತಿದ ಅಂಕೆ ಏನು ಮಾಡುತ್ತದೆ?

ಮೈಸೂರಿನ ಯಾದವಗಿರಿಯಲ್ಲಿರುವ ಈ ಆಕಾಶವಾಣಿ ನಿಲಯದ ಲ್ಯಾಂಡ್‌ಲೈನಿಗೆ ಒಂದು ಕರೆ ಮಾಡಬೇಕು ಎಂದುಕೊಳ್ಳಿ. ಗೋಕುಲದಿಂದಲೋ ಒಂಟಿಕೊಪ್ಪಲಿನಿಂದಲೋ ಇನ್ನೊಂದು ಲ್ಯಾಂಡ್‌ಲೈನಿನಿಂದ ಮಾಡುವುದಾದರೆ ಏಳು ಅಂಕೆ ಒತ್ತಿದರೆ ಸಾಕು. ಶ್ರೀರಂಗಪಟ್ಟಣ ಇಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಆದರೂ ಅಲ್ಲಿಂದ ಮಾಡುವವರು ಆ ಏಳು ಅಂಕೆಗೆ ಮೊದಲು 0821 ಸೇರಿಸಬೇಕು. ಬೀದರಿನಿಂದ ಮಾಡುವವರು ಸೇರಿಸುವುದೂ ಅದನ್ನೇ. ದುಬೈಯಲ್ಲಿರುವ ಕನ್ನಡಿಗರು ಅಲ್ಲಿಂದ ಹೊರಗೆ ಕರೆ ಮಾಡುವ 00 ಒತ್ತಿ, ಭಾರತದ 91 ಒತ್ತಿ, 0821ರ ಸೊನ್ನೆಯನ್ನು ಬಿಟ್ಟು 821 ಒತ್ತಿ, ಆಮೇಲೆ ಆ ಏಳಕ್ಕೆ ಬರುತ್ತಾರೆ. ಕೊನೆಗೆ ರಿಂಗಾಗುವುದು ಒಂದೇ ಫೋನು. ಕರೆ ಮಾಡುವವರು ಎಲ್ಲಿದ್ದಾರೆ ಎಂಬುದಕ್ಕೆ ತಕ್ಕ ಹಾಗೆ ಮುಂದಿನ ಅಂಕೆಗಳು ಕೂಡಿಕೊಳ್ಳುತ್ತವೆ, ಕಳಚಿಕೊಳ್ಳುತ್ತವೆ. ಇವತ್ತಿನ ಮಾತು ಈ ಅಂಕೆಗಳನ್ನು ಕುರಿತದ್ದು. ಫೋನಿನ ಮೇಲೆ ನಾವು ಒತ್ತುವ ಪ್ರತಿ ಅಂಕೆಯೂ ದೂರದ ಒಂದು ಯಂತ್ರಕ್ಕೆ ಕೊಡುವ ಆಜ್ಞೆ. ಆ ಆಜ್ಞೆಯ ಅರ್ಥ ಅದನ್ನು ಕೊಡುವವರಿಗೆ ತಿಳಿದಿರಬೇಕು. ತಿಳಿಸುವ ಹೊಣೆ ಸೇವೆ ಮಾರುವವರದು. ಊರಿನ ಕೋಡುಗಳ ಕಾಲದಲ್ಲಿ ಈ ಹೊಣೆಯನ್ನು ಒಂದು ಮಟ್ಟಕ್ಕೆ ನಿಭಾಯಿಸುತ್ತಿದ್ದರು. ಸ್ಟಾರ್ ಮತ್ತು ಹ್ಯಾಶ್ ಸೇರಿಸಿ ಒತ್ತುವ ಕೋಡುಗಳ ಕಾಲದಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಅದರ ನಷ್ಟವನ್ನು ವಯಸ್ಸಾದವರು, ಕಡಿಮೆ ಓದಿದವರು, ಇಂಗ್ಲಿಷ್ ಬಾರದವರು ಮೊದಲು ಅನುಭವಿಸುತ್ತಿದ್ದಾರೆ ಎಂಬುದು ನನ್ನ ವಾದ.

ಮೊದಲು ಊರಿನ ಕೋಡಿನ ಒಳಗಿನ ಕಟ್ಟಡವನ್ನು ನೋಡೋಣ. ಭಾರತದಲ್ಲಿ ಲ್ಯಾಂಡ್‌ಲೈನಿನ ಊರಿನ ಕೋಡೂ ಮನೆಯ ನಂಬರೂ ಸೇರಿದರೆ, ಮುಂದಿನ ಸೊನ್ನೆ ಬಿಟ್ಟು, ಹತ್ತು ಅಂಕೆ. ಬೆಂಗಳೂರಿನ ಕೋಡು 80, ಎರಡೇ ಅಂಕೆ; ಹಾಗಾಗಿ ಅಲ್ಲಿನ ನಂಬರಿಗೆ ಎಂಟು ಅಂಕೆ ಸಿಕ್ಕಿತು, ಕೋಟಿಗಟ್ಟಲೆ ನಂಬರು ಹಂಚಲು ಜಾಗವಾಯಿತು. ಮೈಸೂರಿನ ಕೋಡು 821, ಮೂರು ಅಂಕೆ, ನಂಬರಿಗೆ ಏಳು. ಮಂಡ್ಯದ್ದು 8232, ನಾಲ್ಕು ಅಂಕೆ, ನಂಬರಿಗೆ ಆರು. ದೊಡ್ಡ ಊರಿಗೆ ಚಿಕ್ಕ ಕೋಡು, ಚಿಕ್ಕ ಊರಿಗೆ ಉದ್ದದ ಕೋಡು. ಇದರಲ್ಲಿ ಇನ್ನೊಂದು ಬಿಗಿಯಾದ ನಿಯಮವಿದೆ. 821 ಎಂಬುದನ್ನು ಮೈಸೂರಿಗೆ ಕೊಟ್ಟ ಮೇಲೆ 8211, 8212 ಎಂಬ ಕೋಡನ್ನು ಬೇರೆ ಯಾವ ಊರಿಗೂ ಕೊಡುವಂತಿಲ್ಲ. ಕೊಟ್ಟರೆ ಕೋಡು ಎಲ್ಲಿ ಮುಗಿಯಿತು, ನಂಬರು ಎಲ್ಲಿ ಶುರುವಾಯಿತು ಎಂದು ಎಕ್ಸ್‌ಚೇಂಜಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ನಂಜನಗೂಡು 8221, ಹುಣಸೂರು 8222 ಆದವು. ಮೊದಲ ಅಂಕೆಗೂ ಅರ್ಥವಿದೆ. ಕರ್ನಾಟಕದ ಕೋಡುಗಳು 8ರಿಂದ ಶುರುವಾಗುತ್ತವೆ. ಕೇರಳ, ತಮಿಳುನಾಡಿನವು 4ರಿಂದ. ಹಾಗಾಗಿ ಮಂಗಳೂರು 0824 ಆದರೆ ಅದರ ಮಗ್ಗುಲಲ್ಲೇ ಇರುವ ಕಾಸರಗೋಡು 04994. ಕನ್ನಡದ ಮನೆಗಳು ಎರಡೂ ಕಡೆ ಇವೆ, ಗಡಿ ಮಾತ್ರ ಅಂಕೆಯಲ್ಲೂ ಬಿತ್ತು. ಗೋವಾದಲ್ಲಿ ಇದಕ್ಕೆ ತಿರುಗಾಮುರುಗ: ಪಣಜಿಯ 0832 ನಮ್ಮ ಬೆಳಗಾವಿಯ 0831ರ ಪಕ್ಕದಲ್ಲೇ ಕೂತಿದೆ. ರಾಜ್ಯದ ನಕ್ಷೆ ಒಂದು ರೀತಿ, ಅಂಕೆಗಳ ನಕ್ಷೆ ಇನ್ನೊಂದು ರೀತಿ. ಆದರೆ ಅದು ನಕ್ಷೆಯೇ, ಓದಬಲ್ಲವರಿಗೆ ಅದರಲ್ಲಿ ದಾರಿ ಕಾಣುತ್ತದೆ.

ಈ ನಕ್ಷೆ ಹುಟ್ಟಿದ್ದು ಒಂದು ದೊಡ್ಡ ಬದಲಾವಣೆಯಿಂದ. ಅದಕ್ಕೆ ಮೊದಲು ಪರವೂರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಲೈನು ಕೊಡುವವರೆಗೆ ಕಾಯಬೇಕಿತ್ತು. 1960ರ ನವೆಂಬರಿನಲ್ಲಿ ಕಾನ್ಪುರ ಮತ್ತು ಲಕ್ನೋ ನಡುವೆ ದೇಶದ ಮೊದಲ ಎಸ್‌ಟಿಡಿ ಶುರುವಾಯಿತು. ಚಂದಾದಾರರು ತಾವೇ ಡಯಲ್ ತಿರುಗಿಸಿ ಇನ್ನೊಂದು ಊರಿನ ಮನೆಗೆ ನೇರವಾಗಿ ಕರೆ ಮಾಡುವ ವ್ಯವಸ್ಥೆ. ಡಯಲ್ ಎಂಬ ವಸ್ತುವಿನ ಹುಟ್ಟಿನ ಕಥೆಯೂ ಇಲ್ಲಿ ನೆನಪಿಸಿಕೊಳ್ಳಬೇಕಾದದ್ದು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವೃತ್ತಿಯವನು. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರ್ ತನ್ನ ಎದುರಾಳಿಗೆ ತಿರುಗಿಸುತ್ತಿದ್ದಾರೆ ಎಂಬ ಅನುಮಾನ ಅವನಿಗೆ ಬಲವಾಗಿ ಬಂದು, ಆಪರೇಟರೇ ಬೇಡವಾದ ಯಂತ್ರವನ್ನು ಕಂಡುಹಿಡಿದ ಎಂಬುದು ಪ್ರಸಿದ್ಧ ಕಥೆ. 1891ರಲ್ಲಿ ಅವನಿಗೆ ಅದರ ಪೇಟೆಂಟ್ ಸಿಕ್ಕಿತು. ಅದೇ ಜಾತಿಯ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ಮುಂದೆ ನಮ್ಮ ಬೆಂಗಳೂರಿನ ದೂರವಾಣಿ ನಗರದಲ್ಲಿ, 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆಯಲ್ಲಿ ತಯಾರಿಸಿದರು. ಬೆರಳಿಟ್ಟು ತಿರುಗಿಸುವ ಆ ಫೋನುಗಳಲ್ಲಿ 1 ಎಂದರೆ ವಿದ್ಯುತ್ತಿನ ಒಂದು ತುಡಿತ, 8 ಎಂದರೆ ಎಂಟು, ಸೊನ್ನೆ ಎಂದರೆ ಹತ್ತು. ಮೈಸೂರಿನ 0821 ಅಂದರೆ ಇಪ್ಪತ್ತೊಂದು ತುಡಿತ. ಒಂದೊಂದಕ್ಕೂ ಎಕ್ಸ್‌ಚೇಂಜಿನಲ್ಲಿ ಒಂದು ತೋಳು ಒಂದು ಹೆಜ್ಜೆ ಸರಿಯುತ್ತಿತ್ತು. ಈ ಕಥೆಯನ್ನು ಎತ್ತಿದ್ದಕ್ಕೆ ಕಾರಣವಿದೆ. ಡಯಲ್ ಬಂದದ್ದೇ ಕರೆಯ ದಾರಿಯನ್ನು ಕರೆ ಮಾಡುವವರ ಕೈಗೆ ಕೊಡಲು, ನಡುವೆ ಯಾರೂ ಅದನ್ನು ಗುಟ್ಟಾಗಿ ತಿರುಗಿಸದಂತೆ ಮಾಡಲು. ಈ ಮಾತು ಮುಂದೆ ಬೇಕಾಗುತ್ತದೆ, ಮನಸ್ಸಿನಲ್ಲಿರಲಿ.

ಎಸ್‌ಟಿಡಿ ಕೋಡು ಒತ್ತುವವರಿಗೆ ಎರಡು ಸಂಗತಿ ಒಟ್ಟಿಗೆ ಗೊತ್ತಾಗುತ್ತಿದ್ದವು: ಕರೆ ಎಲ್ಲಿಗೆ ಹೋಗುತ್ತಿದೆ, ಎಷ್ಟು ದುಡ್ಡಾಗುತ್ತದೆ. ದೇಶವನ್ನು ಹೆಚ್ಚುಕಡಿಮೆ ತಾಲ್ಲೂಕಿನ ಗಾತ್ರದ ಎರಡೂವರೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಹಂಚಿ, ತುಂಡಿನ ಒಳಗಾದರೆ ಲೋಕಲ್, ಹೊರಗಾದರೆ ದೂರ ನೋಡಿ ದರ ಎಂದು ಗೊತ್ತುಮಾಡಿದ್ದರು. ಶ್ರೀರಂಗಪಟ್ಟಣದ ಕೋಡು ಮೈಸೂರಿನದಲ್ಲದೆ 08236 ಆದದ್ದು ಈ ಹಂಚಿಕೆಯಿಂದ. ಊರು ದೂರವಾದಷ್ಟೂ ಮೀಟರು ಬೇಗ ಓಡುತ್ತಿತ್ತು, ರಾತ್ರಿ ಹೊತ್ತಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳಲ್ಲಿ ಆ ಮೀಟರು ಮಾತಾಡುವವರ ಕಣ್ಣೆದುರಿಗೇ ಇರುತ್ತಿತ್ತು. ಗೋಡೆಯ ಮೇಲೆ ಊರುಗಳ ಕೋಡಿನ ಪಟ್ಟಿ ತೂಗುತ್ತಿತ್ತು. ಟೆಲಿಫೋನ್ ಡೈರೆಕ್ಟರಿಯ ಮೊದಲ ಪುಟಗಳೆಲ್ಲ ಕೋಡು, ದರ, ದೂರು ಕೊಡುವ 198, ನಂಬರು ವಿಚಾರಿಸುವ 197 ಇವುಗಳ ವಿವರಕ್ಕೇ ಮೀಸಲು. 1986ರಲ್ಲಿ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಪುಟ್ಟ ಎಕ್ಸ್‌ಚೇಂಜು ದೇಶದಲ್ಲೇ ಮೊದಲು ನಮ್ಮ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು. ಬಿಸಿಲು ದೂಳು ತಡೆಯುವ, ಏರ್‌ಕಂಡೀಷನ್ ಕೇಳದ ಆ ಪೆಟ್ಟಿಗೆ ಎಸ್‌ಟಿಡಿಯನ್ನು ಪಟ್ಟಣ ದಾಟಿಸಿತು. ಶಾಲೆಯ ಮೆಟ್ಟಿಲು ಹತ್ತದವರೂ ಮಗನಿರುವ ಊರಿನ ಕೋಡನ್ನು ಬಾಯಿಪಾಠ ಹೇಳುತ್ತಿದ್ದ ಕಾಲ ಅದು. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದೊಳಗಿನ ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತಿದರೆ ದರ ಕಡಿಮೆ ಎಂಬ ನಿಯಮ ಬಂದಾಗ ಅದನ್ನೂ ಜನ ಕಲಿತರು. ಆಮೇಲೆ ಆ ನಿಯಮ ಹೋಯಿತು, ಅದನ್ನೂ ಬಿಟ್ಟರು. ಅಂಕೆಗಳು ಕಷ್ಟ, ಜನಕ್ಕೆ ತಲೆಗೆ ಹತ್ತುವುದಿಲ್ಲ ಎನ್ನುವವರು ಈ ಇತಿಹಾಸವನ್ನು ನೋಡಬೇಕು. ಪ್ರಯೋಜನ ಕಾಣುವ ಹಾಗೆ ತಿಳಿಸಿ ಹೇಳಿದ ಯಾವ ಕೋಡನ್ನೂ ನಮ್ಮ ಜನ ಕಲಿಯದೆ ಬಿಟ್ಟಿಲ್ಲ.

ಮೊಬೈಲ್ ಬಂದ ಮೇಲೆ ಅಂಕೆಗಳಿಂದ ಊರು ಕಳಚಿತು. ಮೊದಮೊದಲು ಮೊಬೈಲ್ ನಂಬರಿನ ಮುಂದಿನ ಅಂಕೆಗಳು ಕಂಪನಿಯನ್ನೂ ರಾಜ್ಯವನ್ನೂ ಹೇಳುತ್ತಿದ್ದವು. 9448 ಕಂಡರೆ ಕರ್ನಾಟಕದ ಬಿಎಸ್‌ಎನ್‌ಎಲ್ ಎಂದು ಯಾರಾದರೂ ಗುರುತಿಸುತ್ತಿದ್ದರು. 2011ರ ಜನವರಿಯಲ್ಲಿ ನಂಬರು ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತು, 2015ರ ಜುಲೈಯಲ್ಲಿ ರಾಜ್ಯ ಬದಲಿಸಿದರೂ ಅದೇ ನಂಬರು ಉಳಿಸಿಕೊಳ್ಳುವ ಅನುಕೂಲವೂ ಬಂತು. ಎರಡೂ ಒಳ್ಳೆಯ ಸುಧಾರಣೆಗಳೇ. ಚಂದಾದಾರರ ಕೈ ಬಲವಾಯಿತು. ಆದರೆ ಅಂಕೆ ಏನನ್ನೂ ಹೇಳದ ಸ್ಥಿತಿಗೆ ಬಂತು. 8217ರಿಂದ ಶುರುವಾಗುವ ಮೊಬೈಲ್ ನಂಬರುಗಳು ಈಗ ಬಳಕೆಯಲ್ಲಿವೆ. ಮೊದಲ ಮೂರು ಅಂಕೆ ಕಂಡು ಮೈಸೂರಿನ ಲ್ಯಾಂಡ್‌ಲೈನ್ ಎಂದುಕೊಂಡರೆ ಅದು ತಪ್ಪು. ಲ್ಯಾಂಡ್‌ಲೈನಿಗೂ ಬದಲಾವಣೆ ತಪ್ಪಲಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಒತ್ತಲೇಬೇಕಾಯಿತು. ಆ ಒಂದು ಸೊನ್ನೆಯಿಂದ ಸುಮಾರು 254.4 ಕೋಟಿ ಹೊಸ ನಂಬರುಗಳಿಗೆ ಜಾಗ ಸಿಗುತ್ತದೆ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಲೆಕ್ಕ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಅದೇ ಪ್ರಾಧಿಕಾರ, ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೆ ಊರೊಳಗೆ ಮಾಡುವ ಕರೆಗೂ ಸೊನ್ನೆ ಮತ್ತು ಊರಿನ ಕೋಡು ಸೇರಿಸಿಯೇ ಒತ್ತಬೇಕೆಂದು ಶಿಫಾರಸು ಮಾಡಿದೆ. ಅದು ಜಾರಿಯಾದರೆ ಗೋಕುಲದಿಂದ ಯಾದವಗಿರಿಗೆ ಮಾಡುವ ಕರೆಗೂ 0821 ಬೇಕಾಗುತ್ತದೆ. ನಂಬರುಗಳ ಅಭಾವ ನಿಜವಾದದ್ದು, ಆದ್ದರಿಂದ ಈ ಬದಲಾವಣೆಗಳನ್ನು ನಾನು ವಿರೋಧಿಸುವುದಿಲ್ಲ. ಹಳೆಯ ಫೋನಿನ ಕಾಲ ಮರಳಲಿ ಎಂಬುದೂ ನನ್ನ ಆಸೆಯಲ್ಲ. ಅದು ನೂರು ಜನರಲ್ಲಿ ಒಬ್ಬರಿಗೂ ಫೋನಿಲ್ಲದಿದ್ದ ಕಾಲ. ಆ ಕಾಲದಲ್ಲಿದ್ದ ಒಂದು ಒಳ್ಳೆಯ ರೂಢಿ, ಎಂದರೆ ಪ್ರತಿ ಕೋಡಿನ ಅರ್ಥವನ್ನು ಮುದ್ರಿಸಿ ಮನೆಮನೆಗೆ ತಲುಪಿಸುವ ರೂಢಿ, ಏಕೆ ನಿಂತುಹೋಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ತೀವ್ರವಾಗುವುದು ಸ್ಟಾರ್ ಮತ್ತು ಹ್ಯಾಶ್ ಹತ್ತಿರ ಬಂದಾಗ. ಗುಂಡಿ ಒತ್ತುವ ಫೋನುಗಳು ಬಂದಾಗ ತುಡಿತಗಳ ಜಾಗಕ್ಕೆ ಸ್ವರಗಳು ಬಂದವು. ಒಂದೊಂದು ಗುಂಡಿಗೂ ಎರಡು ಸ್ವರ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಸ್ವರಗಳು ಒಟ್ಟಿಗೆ ಹೊರಡುತ್ತವೆ. ಹತ್ತು ಅಂಕೆಗಳ ಜೊತೆಗೆ ಬಂದ ಸ್ಟಾರ್, ಹ್ಯಾಶ್ ಗುಂಡಿಗಳಿಗೆ ಯಾವ ಊರಿಗೂ ಸಂಬಂಧವಿಲ್ಲ. ನಾನು ಒತ್ತುತ್ತಿರುವುದು ಯಾರ ನಂಬರೂ ಅಲ್ಲ, ಇದು ನಿನಗೆ ಕೊಡುವ ಅಪ್ಪಣೆ ಎಂದು ಎಕ್ಸ್‌ಚೇಂಜಿಗೆ ಹೇಳುವುದೇ ಅವುಗಳ ಕೆಲಸ. ಜಿಎಸ್‌ಎಂ ಎಂಬ ಮಾನಕವನ್ನು ಅನುಸರಿಸುವ ಮೊಬೈಲಿನಲ್ಲಿ ಈ ಅಪ್ಪಣೆಗಳಿಗೆ ಜಗತ್ತಿಗೆಲ್ಲ ಒಂದೇ ವ್ಯಾಕರಣವಿದೆ. ಮುಂದೆ ಒಂದು ಸ್ಟಾರ್ ಹಾಕಿದರೆ ಸೇವೆ ಚಾಲೂ ಮಾಡು, ಒಂದು ಹ್ಯಾಶ್ ಹಾಕಿದರೆ ನಿಲ್ಲಿಸು, ಎರಡು ಹ್ಯಾಶ್ ಹಾಕಿದರೆ ಪೂರ್ತಿ ಅಳಿಸು, ಸ್ಟಾರ್ ಹ್ಯಾಶ್ ಎರಡನ್ನೂ ಹಾಕಿದರೆ ಈಗಿನ ಸ್ಥಿತಿ ಏನೆಂದು ಹೇಳು. ನಡುವಿನ ಅಂಕೆ ಯಾವ ಸೇವೆ ಎಂಬುದನ್ನು ತಿಳಿಸುತ್ತದೆ: 21 ಎಂದರೆ ಬರುವ ಎಲ್ಲ ಕರೆಗಳನ್ನೂ ಬೇರೆ ನಂಬರಿಗೆ ಕಳಿಸುವುದು, 67 ಎಂದರೆ ಲೈನು ಬ್ಯುಸಿಯಿದ್ದಾಗ, 61 ಎಂದರೆ ಎತ್ತದಿದ್ದಾಗ, 62 ಎಂದರೆ ನೆಟ್‌ವರ್ಕ್ ಸಿಗದಿದ್ದಾಗ, 43 ಎಂದರೆ ಕಾಲ್ ವೇಟಿಂಗ್. ಐದು ನಿಮಿಷದಲ್ಲಿ ಹೇಳಿಕೊಡಬಹುದಾದಷ್ಟು ಚೊಕ್ಕವಾದ ವ್ಯಾಕರಣ ಇದು. ಆದರೆ ಸಿಮ್ ಮಾರುವಾಗ ಯಾರೂ ಇದನ್ನು ಹೇಳುವುದಿಲ್ಲ, ಅದರ ಜೊತೆಗೆ ಬರುವ ಕಾಗದದಲ್ಲೂ ಇದು ಇರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಣ್ಣಿಗೆ ಒಂದೇ ತರಹ ಕಾಣುವ ಈ ಕೋಡುಗಳಲ್ಲಿ ಮೂರು ಜಾತಿಯಿವೆ. *#06# ಒತ್ತಿದರೆ ಕೈಯಲ್ಲಿರುವ ಫೋನು ತನ್ನ 15 ಅಂಕೆಯ ಗುರುತಿನ ನಂಬರಾದ ಐಎಂಇಐಯನ್ನು ತಾನೇ ತೋರಿಸುತ್ತದೆ. ಅದು ಫೋನಿನಿಂದ ಹೊರಗೆ ಹೋಗುವುದೇ ಇಲ್ಲ, ಯಾರಿಗೂ ತೊಂದರೆಯಿಲ್ಲ. ಅದನ್ನು ಬರೆದಿಟ್ಟುಕೊಂಡರೆ ಫೋನು ಕಳೆದಾಗ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ನಿಷ್ಕ್ರಿಯಗೊಳಿಸಲು ಅನುಕೂಲ. ಎರಡನೆಯ ಜಾತಿ *99# ತರಹದ್ದು. ಅದು ಬ್ಯಾಂಕಿನ ಸೇವೆಯ ಕಂಪ್ಯೂಟರಿಗೆ ಹೋಗಿ, ಪ್ರಶ್ನೆ ಕೇಳಿ, ಉತ್ತರ ಪಡೆದು ಬರುತ್ತದೆ. ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲೂ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡಲು, ಹಣ ಕಳಿಸಲು ಅದರಿಂದ ಆಗುತ್ತದೆ. ಮೂರನೆಯ ಜಾತಿ *21* ತರಹದ್ದು. ಅದು ಎಕ್ಸ್‌ಚೇಂಜಿನಲ್ಲಿರುವ ನಮ್ಮ ಚಂದಾದ ದಾಖಲೆಯನ್ನೇ ತಿದ್ದುತ್ತದೆ. ಫೋನು ಆಫ್ ಮಾಡಿದರೂ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಆ ತಿದ್ದುಪಡಿ ಹಾಗೇ ಇರುತ್ತದೆ. ಸಾಧು, ಉಪಯುಕ್ತ, ಅಪಾಯಕಾರಿ, ಮೂರೂ ಒಂದೇ ವೇಷದಲ್ಲಿವೆ. ಊರಿನ ಕೋಡಿನಲ್ಲಿ ಕರೆ ಎಲ್ಲಿಗೆ, ದುಡ್ಡು ಎಷ್ಟು ಎಂಬ ಒಂದು ಸೂಚನೆಯಾದರೂ ಇತ್ತು. ಇಲ್ಲಿ ಯಾವ ಸೂಚನೆಯೂ ಇಲ್ಲ.

ಈ ಕುರುಡು ಜಾಗದಲ್ಲೇ ಕಳ್ಳರು ಬಂದು ಕೂತರು. ಕ್ರಮ ಹೀಗಿದೆ. ಮೊಬೈಲ್ ಕಂಪನಿಯವರೆಂದೋ ಕೊರಿಯರ್‌ನವರೆಂದೋ ಹೇಳಿಕೊಂಡು ಒಂದು ಕರೆ ಬರುತ್ತದೆ. ನಿಮ್ಮ ಸಿಮ್‌ನಲ್ಲಿ ದೋಷವಿದೆ, ಅಥವಾ ನಿಮ್ಮ ಪಾರ್ಸೆಲ್ ನಿಂತಿದೆ, ಈ ಕೋಡನ್ನು ಒತ್ತಿ ಎನ್ನುತ್ತಾರೆ. *401# ಅಥವಾ *21 ಇರುವ ಆ ಕೋಡಿನ ಜೊತೆಗೆ ಕಳ್ಳರ ನಂಬರೂ ಸೇರಿರುತ್ತದೆ. ಒತ್ತಿದ ಕ್ಷಣದಿಂದ ಬರುವ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಆಮೇಲೆ ಅವರು ನಿಮ್ಮ ವಾಟ್ಸ್‌ಆ್ಯಪನ್ನೋ ಇನ್ನಾವುದೋ ಖಾತೆಯನ್ನೋ ತೆರೆಯಲು ಹೋಗಿ, ಓಟಿಪಿಯನ್ನು ಕರೆಯ ಮೂಲಕ ತಿಳಿಸಿ ಎಂದು ಕೇಳುತ್ತಾರೆ. ಆ ಕರೆ ನಿಮ್ಮ ನಂಬರಿಗೆ ಹೊರಟು ಅವರ ಕಿವಿಗೆ ತಲುಪುತ್ತದೆ. ನಿಮ್ಮ ಫೋನು ಒಂದು ಸಲವೂ ಸದ್ದು ಮಾಡುವುದಿಲ್ಲ. ಸ್ಟ್ರೌಜರ್ ಅನುಮಾನಪಟ್ಟದ್ದು ಇದನ್ನೇ, ತನಗೆ ಬರಬೇಕಾದ ಕರೆ ಗುಟ್ಟಾಗಿ ಬೇರೆಯವರಿಗೆ ಹೋಗುತ್ತಿದೆ ಎಂದು. ಅದನ್ನು ತಡೆಯಲು ಅವನು ಕರೆಯ ದಾರಿಯನ್ನು ಚಂದಾದಾರರ ಬೆರಳಿಗೆ ಕೊಟ್ಟ. ಈಗ ಅದೇ ಬೆರಳಿನಿಂದಲೇ, ಅರ್ಥ ತಿಳಿಯದ ಆಜ್ಞೆ ಒತ್ತಿಸಿ, ಕರೆಯನ್ನು ಕದಿಯುತ್ತಿದ್ದಾರೆ. ಮೋಸಹೋದವರನ್ನು ದಡ್ಡರೆನ್ನುವುದು ಅನ್ಯಾಯ. ತಾನು ಕೊಟ್ಟ ಆಜ್ಞೆಯ ಅರ್ಥ ತನಗೇ ಓದಲು ಬಾರದ ಹಾಗೆ ವ್ಯವಸ್ಥೆಯನ್ನು ಕಟ್ಟಿದವರು ಅವರಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಎಂಬ ಮಾತನ್ನು ಒಪ್ಪಬೇಕು. 2024ರ ಮಾರ್ಚ್ 28ರಂದು ದೂರಸಂಪರ್ಕ ಇಲಾಖೆ ಒಂದು ಆದೇಶ ಹೊರಡಿಸಿ, *401# ತರಹದ ಕೋಡು ಒತ್ತಿ ಕರೆ ತಿರುಗಿಸುವ ಸೇವೆಯನ್ನು ಏಪ್ರಿಲ್ 15ರಿಂದ ಮುಂದಿನ ಸೂಚನೆಯವರೆಗೆ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಎಂದು ಕೇಳಬಹುದು. ಮುಗಿದಿಲ್ಲ, 21, 61, 67 ಇರುವ ಕೋಡುಗಳನ್ನು ಒತ್ತಿಸಿ ಮಾಡುವ ಮೋಸದ ಬಗ್ಗೆ ಆ ಆದೇಶದ ನಂತರವೂ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ಎಚ್ಚರಿಕೆ ಕೊಡಬೇಕಾಗಿ ಬಂದಿದೆ. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆದಿರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಕರೆ ತಿರುಗಿಸುವುದು ಅಪರಾಧವಲ್ಲ. ರಾತ್ರಿ ಪಾಳಿಯ ವೈದ್ಯರು, ಅಂಗಡಿ ಮುಚ್ಚಿ ಮನೆಗೆ ಹೋಗುವ ವ್ಯಾಪಾರಿ, ಸಿಗ್ನಲ್ ಸಿಗದ ಕಾಡಂಚಿನ ಹಾಡಿಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಇವರಿಗೆಲ್ಲ ಅದು ಬೇಕಾದ ಸೌಲಭ್ಯ. ತಿಳಿಸಿಕೊಡುವ ಕೆಲಸವನ್ನು ಮಾಡದೆ ಮುಚ್ಚುವ ಕೆಲಸವನ್ನಷ್ಟೇ ಮಾಡಿದರೆ ಪ್ರಾಮಾಣಿಕ ಬಳಕೆದಾರರು ಕಳೆದುಕೊಳ್ಳುತ್ತಾರೆ, ಕಳ್ಳರು ಮುಂದಿನ ಕೋಡಿಗೆ ಹೋಗುತ್ತಾರೆ.

ಕೋಡುಗಳನ್ನು ಹೀಗೆ ರೇಡಿಯೋದಲ್ಲಿ ಹೇಳುವುದೇ ಅಪಾಯವಲ್ಲವೇ, ಗೊತ್ತಿಲ್ಲದವರಿಗೂ ಮೋಸದ ದಾರಿ ತೋರಿಸಿದಂತಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಇದು ಸದುದ್ದೇಶದ ಆಕ್ಷೇಪವೇ, ಆದರೆ ವಸ್ತುಸ್ಥಿತಿಗೆ ಹೊಂದುವುದಿಲ್ಲ. ಈ ವ್ಯಾಕರಣ ಅಂತರರಾಷ್ಟ್ರೀಯ ಮಾನಕದ ಭಾಗ, ಮುಚ್ಚಿಟ್ಟ ಗುಟ್ಟಲ್ಲ. ಮೋಸ ಮಾಡುವವರಿಗೆ ಅದು ಆಗಲೇ ಕರಗತ. ಗೊತ್ತಿಲ್ಲದಿರುವುದು ಮೋಸಹೋಗುವವರಿಗೆ ಮಾತ್ರ. ಅಜ್ಞಾನ ಒಂದೇ ಕಡೆ ಇರುವಾಗ ಮೌನದಿಂದ ಯಾರಿಗೆ ಲಾಭ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. *21 ಎಂದರೆ ಕರೆ ತಿರುಗಿಸುವುದು ಎಂಬ ಒಂದು ಸಂಗತಿ ತಿಳಿದವರಿಗೆ ಯಾರೇ ಫೋನ್ ಮಾಡಿ ಅದನ್ನು ಒತ್ತಿ ಎಂದರೂ ಒತ್ತುವುದಿಲ್ಲ. ಸ್ಮಾರ್ಟ್‌ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದೆಲ್ಲ ಇರುವಾಗ ಕೋಡು ಕಲಿಯುವುದು ಏಕೆ ಎನ್ನುವವರೂ ಇದ್ದಾರೆ. ಸೆಟ್ಟಿಂಗ್ಸ್‌ನ ಆ ಪುಟವೂ ಒಳಗಿಂದ ಕಳಿಸುವುದು ಅಂಥದೇ ಆಜ್ಞೆಯನ್ನು. ಆ ಪುಟವನ್ನು ಹುಡುಕಿ ತೆರೆಯುವುದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ಕೀಪ್ಯಾಡ್ ಫೋನು ಹಿಡಿದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟು ಜನರಿದ್ದಾರೆ. ಎಲ್ಲ ಫೋನಿಗೂ ಒಂದೇ ಆಗಿರುವುದು ಕೋಡು ಮಾತ್ರ, ಅದಕ್ಕೇ ಕಲಿಸಲು ಯೋಗ್ಯವಾದದ್ದೂ ಕೋಡೇ. ಹೀಗಾಗಿ ಇವತ್ತು ಇಷ್ಟನ್ನಾದರೂ ಬರೆದುಕೊಳ್ಳಿ: ಎಲ್ಲ ಕರೆಗಳೂ ಬೇರೆಡೆಗೆ ತಿರುಗಿವೆಯೇ ಎಂದು ನೋಡಲು *#21#. ಬ್ಯುಸಿಯಿದ್ದಾಗ, ಎತ್ತದಿದ್ದಾಗ ತಿರುಗಿಸುವುದೂ ಸೇರಿ ಎಲ್ಲ ಬಗೆಯ ತಿರುಗಿಸುವಿಕೆಯನ್ನು ಒಟ್ಟಿಗೆ ಅಳಿಸಲು ##002#. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930.

ಇನ್ನು ಭಾಷೆಯ ಮಾತು. ಕೋಡು ಒತ್ತಿದ ಮೇಲೆ ಪರದೆಯ ಮೇಲೆ ಬರುವ ಉತ್ತರ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಅದೂ ಎಂಜಿನಿಯರರ ಇಂಗ್ಲಿಷಿನಲ್ಲಿ. ಇದಕ್ಕೆ ಒಂದು ತಾಂತ್ರಿಕ ಕಾರಣ ಕೊಡುತ್ತಾರೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿದರೆ ಕನ್ನಡದಂಥ ಲಿಪಿಯಲ್ಲಿ 70 ಚಿಹ್ನೆ ಮಾತ್ರ ಹಿಡಿಯುತ್ತದೆ. *99# ತರಹದ ಸೇವೆಯ ಒಂದು ಪರದೆಯಲ್ಲಿ ಇಂಗ್ಲಿಷಿಗೆ 182, ನಮ್ಮ ಲಿಪಿಗೆ 80ರ ಆಸುಪಾಸು. ಅದರಲ್ಲೂ ನಮ್ಮ ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಚಿಹ್ನೆಗಳು ಖರ್ಚಾಗುತ್ತವೆ. ಜಾಗದ ಇಕ್ಕಟ್ಟು ನಿಜ. ಆದರೂ *99# ಸೇವೆ ಕನ್ನಡವೂ ಸೇರಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬಂತು. ಮನಸ್ಸು ಮಾಡಿದರೆ ಆ ಇಕ್ಕಟ್ಟಿನಲ್ಲೂ ಕನ್ನಡ ಕೂರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಅಕ್ಷರಕ್ಕೆ ಜಾಗವಿಲ್ಲದಿದ್ದರೆ ದನಿಗೆ ಯಾವ ಮಿತಿಯೂ ಇಲ್ಲ. ನೀವು ಕರೆ ಮಾಡಿದ ಚಂದಾದಾರರು ಸದ್ಯಕ್ಕೆ ಲಭ್ಯರಿಲ್ಲ ಎಂದು ಕನ್ನಡದಲ್ಲಿ ಹೇಳಲು ಆಗುವ ಕಂಪನಿಗೆ, ನಿಮ್ಮ ಕರೆಗಳೆಲ್ಲ ಇನ್ನು ಇಂಥ ನಂಬರಿಗೆ ಹೋಗಲಿವೆ, ಒಪ್ಪಿಗೆಯೇ ಎಂದು ಕನ್ನಡದಲ್ಲಿ ಕೇಳಲು ಏಕೆ ಆಗುವುದಿಲ್ಲ? ಕೀಪ್ಯಾಡ್ ಫೋನಿನಿಂದ ದನಿಯ ಮೂಲಕವೇ ಹಣ ಕಳಿಸುವ ಯುಪಿಐ 123ಪೇ ವ್ಯವಸ್ಥೆಯನ್ನು 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಚಾಲೂ ಮಾಡಿತು. ದನಿಯಿಂದ ಹಣ ಕಳಿಸಲು ಸಾಧ್ಯವಾದ ಮೇಲೆ ದನಿಯಿಂದ ಎಚ್ಚರಿಸುವುದು ಅಸಾಧ್ಯ ಎಂಬ ಮಾತು ನಿಲ್ಲುವುದಿಲ್ಲ.

ಅಂಕೆಗೆ ಮತ್ತೆ ಅರ್ಥ ತುಂಬುವ ಕೆಲಸ ಕೆಲವು ಕಡೆ ನಡೆದಿದೆ, ಅದನ್ನು ಮೆಚ್ಚಿಯೇ ಹೇಳಬೇಕು. ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101 ಎಂದು ಬೇರೆ ಬೇರೆ ನೆನಪಿಡುವ ಬದಲು 112 ಒಂದನ್ನೇ ಒತ್ತಿದರೆ ಸಾಕಾಗುವ ವ್ಯವಸ್ಥೆ ಬಂದಿದೆ. ಮಾರಾಟದ ಕರೆಗಳಿಗೆ 140, ಬ್ಯಾಂಕು ಮೊದಲಾದವುಗಳ ಸೇವೆಯ ಕರೆಗಳಿಗೆ 1600 ಎಂದು ಬೇರೆ ಬೇರೆ ಸರಣಿ ಇಟ್ಟಿದ್ದಾರೆ. ಇದು ಹಳೆಯ ಊರಿನ ಕೋಡಿನ ಗುಣವೇ: ಮುಂದಿನ ಅಂಕೆ ನೋಡಿ ಕರೆ ಎಂಥದ್ದೆಂದು ಊಹಿಸಬಹುದು. ಬ್ಯಾಂಕಿನವರೆಂದು ಹೇಳಿಕೊಂಡು ಸಾಧಾರಣ ಹತ್ತು ಅಂಕೆಯ ಮೊಬೈಲಿನಿಂದ ಬರುವ ಕರೆಯನ್ನು ಅನುಮಾನಿಸಲು ಜನಕ್ಕೆ ಒಂದು ಆಧಾರ ಸಿಕ್ಕಿತು. ಆದರೆ 1600ರ ಅರ್ಥ ಎಷ್ಟು ಮನೆಗಳಿಗೆ ತಲುಪಿದೆ? ತಲುಪದ ಕೋಡು ಕಾವಲು ಕಾಯುವುದಿಲ್ಲ. ಕರೆ ಮಾಡುವವರ ಹೆಸರನ್ನು ಪರದೆಯ ಮೇಲೆ ತೋರಿಸುವ ಸೇವೆಯನ್ನೂ 2024ರ ಫೆಬ್ರವರಿಯಲ್ಲಿ ಟ್ರಾಯ್ ಶಿಫಾರಸು ಮಾಡಿತು. ಅದರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಸಿಮ್ ಕೊಂಡವರ ಹೆಸರು ಒಂದು, ಬಳಸುವವರು ಇನ್ನೊಬ್ಬರು ಎಂಬುದು ನಮ್ಮ ಕುಟುಂಬಗಳಲ್ಲಿ ಸಾಮಾನ್ಯ. ಅಪ್ಪನ ಹೆಸರಿನ ಸಿಮ್ ಮಗಳ ಕೈಯಲ್ಲಿರುತ್ತದೆ, ಮಗನ ಹೆಸರಿನದು ಅಜ್ಜಿಯ ಕೈಯಲ್ಲಿ. ಇನ್ನೊಬ್ಬರ ಹೆಸರಿನಲ್ಲಿ ಸಿಮ್ ಪಡೆದ ಕಳ್ಳರಿಗೆ ಆ ಹೆಸರು ಒಳ್ಳೆಯ ಮುಖವಾಡವಾದೀತು. ಹೆಸರಿಗಿಂತ ಸರಣಿ ಗಟ್ಟಿ, ಏಕೆಂದರೆ ಅದನ್ನು ಕೊಡುವ ಅಧಿಕಾರ ಒಂದೇ ಕಡೆ ಇದೆ.

ಹಾಗಾದರೆ ಏನಾಗಬೇಕು? ಚಂದಾದ ದಾಖಲೆಯನ್ನು ತಿದ್ದುವ ಯಾವ ಕೋಡೇ ಒತ್ತಲಿ, ಅದು ಜಾರಿಯಾಗುವ ಮೊದಲು ಚಂದಾದಾರರು ಆರಿಸಿಕೊಂಡ ಭಾಷೆಯಲ್ಲಿ ದನಿಯ ಮೂಲಕ ವಿವರಿಸಿ ಒಪ್ಪಿಗೆ ಪಡೆಯಬೇಕು. ಮೊದಲ ಕರೆ ತಿರುಗುವ ಮುಂಚೆ ಕೆಲವು ಗಂಟೆಗಳ ತಡೆ ಇದ್ದರೆ ಇನ್ನೂ ಒಳ್ಳೆಯದು. ತುರ್ತಿರುವವರು ಕಂಪನಿಯ ಕಚೇರಿಗೆ ಹೋಗಿ ಗುರುತು ತೋರಿಸಿ ಆ ತಡೆಯನ್ನು ತೆಗೆಸಿಕೊಳ್ಳಲಿ. ಸಿಮ್ ಜೊತೆಗೆ ಕನ್ನಡದಲ್ಲಿ ಅಚ್ಚಾದ ಒಂದು ಪುಟ ಬರಲಿ, ಹಳೆಯ ಡೈರೆಕ್ಟರಿಯ ಮೊದಲ ಪುಟದ ಹಾಗೆ, ಕೋಡು ಮತ್ತು ಅದರ ಕೆಲಸ ಎರಡೂ ಇರುವಂಥದ್ದು. ಇದಕ್ಕೆ ಖರ್ಚಾಗುತ್ತದೆ ಎಂದು ಕಂಪನಿಗಳು ಹೇಳಬಹುದು. ಒಂದೇ ವಾರದ ಜಾಹೀರಾತಿನ ಕರೆಗಳಿಗೆ ಹೊರಡುವ ದನಿಮುದ್ರಿಕೆಗಳನ್ನು ನೆನೆದರೆ ಆ ಮಾತಿಗೆ ತೂಕವಿಲ್ಲ. ಯಾವ ಹೊಸ ನಿಯಮಕ್ಕೂ ಮೊದಲು ಟ್ರಾಯ್ ಸಮಾಲೋಚನಾ ಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಲ್ಲಿ ಕಂಪನಿಗಳ ಉತ್ತರ ಉದ್ದವಾಗಿರುತ್ತದೆ, ಬಳಕೆದಾರರದು ವಿರಳ. ಮೈಸೂರು ಗ್ರಾಹಕರ ಪರಿಷತ್ತಿನಂಥ ಸಂಘಟನೆ ಕಟ್ಟಿಕೊಂಡ ಊರು ಇದು. ವಿದ್ಯುತ್ ದರದ ಬಗ್ಗೆ, ನೀರಿನ ಬಗ್ಗೆ ಪ್ರಶ್ನೆ ಕೇಳಿ ರೂಢಿಯಿರುವ ಇಲ್ಲಿನ ನಾಗರಿಕರು ಮುಂದಿನ ಸಮಾಲೋಚನಾ ಪತ್ರ ಬಂದಾಗ ಈ ಎರಡು ಬೇಡಿಕೆಗಳನ್ನು ಬರೆದು ಕಳಿಸಬೇಕು: ಒಪ್ಪಿಗೆ ಕೇಳುವ ದನಿ ಕನ್ನಡದಲ್ಲಿರಲಿ, ತಿರುಗಿದ ಕರೆ ಯಾವ ನಂಬರಿಗೆ ಹೋಗುತ್ತಿದೆ ಎಂಬುದನ್ನು ಆ ದನಿ ಒಂದೊಂದೇ ಅಂಕೆಯಾಗಿ ಓದಿ ಹೇಳಲಿ.